ಜೈತೂನ್‌ಬಿ ಕಂಡ ಚಂದ್ರ

ಮೂರು ದಿನದಿಂದ ಹಿಡಿದಿದ್ದ ಮಳೆ ಗುರುವಾರ ಸಂಜೆಯ ಹೊತ್ತಿಗೆ ಒಂದಿಷ್ಟು ಬಿಡುವು ಕೊಟ್ಟಿತು. ಅರವತ್ತೆಂಟನೆಯ ಇಸವಿಯ ಕಾರ್ತಿಕದ ಮಳೆ ಅದು. ಮದ್ರಾಸಿನ ತ್ರಿಪ್ಲಿಕೇನಿನ ಗಲ್ಲಿಗಳಲ್ಲಿ ಮೊಣಕಾಲುದ್ದ ನೀರು, ಮನೆಯೊಳಗೆಲ್ಲ ಒಣಗದ ಬಟ್ಟೆಯ ಮುಗ್ಗು ವಾಸನೆ. ಮಧ್ವರಾಜರ ಕಾಫಿ ಹೋಟೆಲಿನ ಮೇಲಿನ ಅಂತಸ್ತಿನಲ್ಲಿದ್ದ ಇಬ್ಬರು ಹೆಂಗಸರು ಇದೇ ಸಮಯವೆಂದು ಬಟ್ಟೆ ಹೊತ್ತು ತಾರಸಿಗೆ ಓಡಿದರು. ಒಬ್ಬಳು ಮಧ್ವರಾಜರ ಹೆಂಡತಿ ಚಂದ್ರಮತಿ, ಉಡುಪಿಯವಳು. ಇನ್ನೊಬ್ಬಳು ಜೈತೂನ್‌ಬಿ. ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಗಂಡ ಗೌಸ್ ಸಾಹೇಬರು ತೀರಿಕೊಂಡ ಮೇಲೆ ಏಳು ವರ್ಷದಿಂದ ಅವಳೊಬ್ಬಳೇ ಅಲ್ಲಿನ ಒಂದು ಕೋಣೆಯಲ್ಲಿದ್ದಳು.

ಜೈತೂನ್‌ಬಿಯ ತಂದೆ ಶಿರಾದ ಮಸೀದಿಯಲ್ಲಿ ನಲವತ್ತು ವರ್ಷ ಇಮಾಮರಾಗಿದ್ದವರು. ಗಂಡುಮಕ್ಕಳಿಲ್ಲದ ಅವರು ತಮಗೆ ಗೊತ್ತಿದ್ದದ್ದನ್ನೆಲ್ಲ ಈ ಮಗಳ ತಲೆಗೆ ತುಂಬಿದ್ದರು. ಆ ಓದೇ ಈಗ ಅವಳ ಅನ್ನ. ಗಲ್ಲಿಯ ಹದಿನಾಲ್ಕು ಹುಡುಗಿಯರು ಮಧ್ಯಾಹ್ನದ ಮೇಲೆ ಅವಳ ಚಾಪೆಯ ಮೇಲೆ ಕೂತು ಕುರಾನ್ ಓದಲು ಕಲಿಯುತ್ತಿದ್ದರು. ಎಲ್ಲರೂ ಅವಳನ್ನು ಉಸ್ತಾನಿಮಾ ಎಂದೇ ಕರೆಯುತ್ತಿದ್ದರು. ಕಲಿಸುವ ತಾಯಿ ಎಂದು ಅದರ ಅರ್ಥ.

ಅಂದು ರಂಜಾನಿಗೆ ಮುಂಚಿನ ಶಾಬಾನ್ ತಿಂಗಳ ಇಪ್ಪತ್ತೊಂಬತ್ತನೆಯ ದಿನ. ಚಂದ್ರ ಕಂಡರೆ ನಾಳೆಯೇ ಮೊದಲ ಉಪವಾಸ, ಮೊದಲ ರೋಜಾ. ಕಾಣದಿದ್ದರೆ ನಾಡಿದ್ದು. ಜೈತೂನ್‌ಬಿ ಬಟ್ಟೆ ಹರವುತ್ತಲೇ ಪಡುವಣದ ಕಡೆ ಒಂದು ಕಣ್ಣಿಟ್ಟಿದ್ದಳು. ಹಳೆಯ ಕಂಬಳಿ ಹರಿದ ಹಾಗೆ ಮೋಡ ಒಂದು ಕಡೆ ಬಿಟ್ಟುಕೊಂಡಿತು. ಆ ಸಂದಿನಲ್ಲಿ ಚಂದ್ರನಿದ್ದ. ತೆಳ್ಳಗೆ, ಬೆಳ್ಳಗೆ, ಎರಡು ಕೊಂಬೂ ಸ್ಪಷ್ಟವಾಗಿ.

"ಚಂದ್ರಮ್ಮಾ, ಅಲ್ನೋಡಿ! ನಿಮಗೂ ಕಾಣ್ತೈತಾ?"

"ಕಾಣದೆ ಎಂತ ಜೈತೂನಕ್ಕ? ತೆಂಗಿನಮರದ ಮೇಲೆಯೇ ಉಂಟಲ್ಲ" ಎಂದಳು ಚಂದ್ರಮತಿ.

ಜೈತೂನ್‌ಬಿ ಎರಡು ಅಂಗೈ ಎತ್ತಿ ದುವಾ ಓದಿ ಮುಖಕ್ಕೆ ಸವರಿಕೊಂಡಳು. ಅಷ್ಟರಲ್ಲಿ ಮೋಡ ಮತ್ತೆ ಮುಚ್ಚಿತು. ಅವಳು ಬಟ್ಟೆಯನ್ನು ಅಲ್ಲೇ ಬಿಟ್ಟು, ಬುರ್ಖಾ ಹಾಕಿಕೊಂಡು, ಗಲ್ಲಿಯ ನೀರಿನಲ್ಲಿ ಕಾಲಿಟ್ಟು ಮಸೀದಿಯ ಕಡೆ ನಡೆದಳು. ಚಂದ್ರನನ್ನು ಕಂಡವರು ಹೋಗಿ ಸಾಕ್ಷಿ ಹೇಳಬೇಕು. ಹೇಳಿದರಾಯಿತು, ಬಿಟ್ಟರಾಯಿತು ಎನ್ನುವ ವಿಷಯವಲ್ಲ ಅದು.

ಮೈಸೂರು ಸೀಮೆಯಿಂದ ಬಂದ ತೊಗಲಿನ ವ್ಯಾಪಾರಿಗಳು ಕಟ್ಟಿಸಿದ ಸಣ್ಣ ಮಸೀದಿ ಅದು. ಅಲ್ಲಿ ಉರ್ದು, ಕನ್ನಡ, ತಮಿಳು ಮೂರೂ ಒಂದೇ ಬಾಯಲ್ಲಿ ಬರುತ್ತಿದ್ದವು. ಮುತವಲ್ಲಿ, ಅಂದರೆ ಆಡಳಿತವನ್ನೆಲ್ಲ ನೋಡಿಕೊಳ್ಳುವವರು, ಕೋಲಾರದ ಹಾಜಿ ಸುಲ್ತಾನ್ ಮೊಹಿದೀನ್. ಚಂದ್ರನ ವಿಷಯ ತೀರ್ಮಾನಿಸಬೇಕಾದ ಸಮಿತಿಯ ಐದು ಜನ ಅವರ ಮತ್ತು ಇಮಾಮರ ಜೊತೆ ಜಗಲಿಯ ಮೇಲೆ ಕೂತಿದ್ದರು. ಸಂಜೆ ಒಮ್ಮೆ ತಲೆಯೆತ್ತಿ ನೋಡಿ, ಮೋಡ ಕಂಡು, ಚಹಾ ತರಿಸಿಕೊಂಡಿದ್ದರು. ತಿಂಗಳಿಡೀ ಮಾಡುವ ಉಪವಾಸಕ್ಕೆ ಆಧಾರವಾದ ಚಂದ್ರನನ್ನು ಹುಡುಕಲು ಆ ದೊಡ್ಡ ಮನುಷ್ಯರು ಪಟ್ಟ ಶ್ರಮ ಅಷ್ಟೇ.

ಜೈತೂನ್‌ಬಿ ಪಕ್ಕದ ಗೇಟಿನಲ್ಲಿ ನಿಂತು ಸಲಾಮ್ ಹೇಳಿದಳು. "ಹಾಜಿ ಸಾಹೇಬ್ರೇ, ಚಂದ್ರ ಕಾಣಿಸ್ತು. ನನ್ನ ಕಣ್ಣಾರೆ ನೋಡಿದೀನಿ. ನಾಳೆ ರೋಜಾ."

ಹಾಜಿಗಳ ಕೈಯಲ್ಲಿದ್ದ ಚಹಾದ ಲೋಟ ನಿಂತಲ್ಲೇ ನಿಂತಿತು. "ಈ ಮೋಡದಲ್ಲಾ? ಲೈಟ್‌ಹೌಸ್ ದೀಪ ಇರ್ಬೇಕು ಉಸ್ತಾನಿಮಾ. ನಿಮಗೂ ವಯಸ್ಸಾಯ್ತು."

ಉಳಿದವರು ನಕ್ಕರು. ಜೈತೂನ್‌ಬಿಗೆ ಮೈ ಉರಿಯಿತು. ಈಗಲೂ ದೀಪದ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸುವ ಕಣ್ಣು ಅವಳದು.

"ಲೈಟ್‌ಹೌಸ್ ಇರೋದು ಬಡಗಣ ದಿಕ್ಕಿಗೆ. ನಾನು ನೋಡಿದ್ದು ಪಡುವಣಕ್ಕೆ, ಕಿಬ್ಲಾ ಕಡೆ. ನೀವೇನು ಲೈಟ್‌ಹೌಸ್ ಕಡೆ ಮುಖ ಮಾಡಿ ನಮಾಜ್ ಮಾಡ್ತೀರಾ?"

ನಗು ನಿಂತಿತು. "ಇನ್ಯಾರು ನೋಡಿದ್ರು?" ಎಂದರು ಹಾಜಿಗಳು.

"ನನ್ನ ಜೊತೆ ಹೋಟೆಲಿನ ಚಂದ್ರಮ್ಮ ಇದ್ರು. ಅವರ ಸಾಕ್ಷಿ ಇದಕ್ಕೆ ನಡೆಯಲ್ಲ ಅಂತ ನನಗೂ ಗೊತ್ತು. ನನ್ನದು ನಡೀತದೆ. ಮೋಡ ಕವಿದಿರೋವಾಗ ರಂಜಾನಿನ ಚಂದ್ರಕ್ಕೆ ನಂಬಿಕಸ್ತರು ಒಬ್ಬರು ಹೇಳಿದ್ರೆ ಸಾಕು, ಗಂಡಾದ್ರೂ ಸರಿ, ಹೆಣ್ಣಾದ್ರೂ ಸರಿ. ಹಬ್ಬದ ಚಂದ್ರಕ್ಕೆ ಇನ್ನೂ ಸಾಕ್ಷಿ ಬೇಕು, ಇದಕ್ಕೆ ಬೇಡ. ಇಮಾಮ್ ಸಾಹೇಬ್ರೇ, ಹೌದೋ ಅಲ್ವೋ ನೀವೇ ಹೇಳಿ."

ಇಮಾಮ್ ಕರೀಮುಲ್ಲಾ ಓದಿಕೊಂಡ ಮನುಷ್ಯ. ಅವಳು ಹೇಳಿದ್ದು ಅಕ್ಷರಶಃ ಸರಿ ಎಂದು ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ. ಅವರು ಕೈಯಲ್ಲಿದ್ದ ಜಪಮಣಿಯನ್ನು ನೋಡುತ್ತ ಕೂತರು. ತುಟಿ ಪಿಟಕ್ಕೆನ್ನಲಿಲ್ಲ.

ಏಕೆ ಎನ್ನಲಿಲ್ಲ ಎಂಬುದು ಗಾಳಿಯಲ್ಲೇ ಇತ್ತು. ಮಸೀದಿಗೆ ತಾಗಿದ ಹಾಜಿಗಳ ಮನೆಯ ಹಿತ್ತಿಲಿನಿಂದ ಈರುಳ್ಳಿ ಹುರಿಯುವ ವಾಸನೆ ಬರುತ್ತಿತ್ತು. ನಾಳೆ ಮಧ್ಯಾಹ್ನ ಹಾಜಿಗಳ ಮಗನ ವಲೀಮಾ, ಮದುವೆಯ ಔತಣ. ಮುನ್ನೂರು ಜನಕ್ಕೆ ಬಿರಿಯಾನಿ. ರೋಜಾ ಶುರುವಾಗುವುದು ನಾಡಿದ್ದೇ ಎಂದು ತಮ್ಮಷ್ಟಕ್ಕೆ ತೀರ್ಮಾನಿಸಿಕೊಂಡು ಹಾಜಿಗಳು ನಾಳೆಗೇ ದಿನ ಇಟ್ಟುಕೊಂಡಿದ್ದರು. ಚಂದ್ರ ಇಂದೇ ಬಂದರೆ ನಾಳೆ ಹಗಲು ಮುನ್ನೂರು ಜನರ ಬಾಯಿಗೂ ಬೀಗ. ಸಮಿತಿಯ ಐದು ಜನರಿಗೂ ಇಮಾಮರಿಗೂ ಔತಣದ ಕರೆ ಹೋಗಿತ್ತು.

ಹಾಜಿಗಳು ಲೋಟ ಕೆಳಗಿಟ್ಟರು. "ನೋಡಿ, ನಿಮಗೆ ಔತಣದ ಕರೆ ತಡವಾಗಿ ಬಂತು ಅಂತ ಸಿಟ್ಟಿದ್ರೆ ನೇರ ಹೇಳಿ. ಮದುವೆ ಮನೆ ಊಟ ಕೆಡಿಸೋಕೆ ಸುಳ್ಳು ಸಾಕ್ಷಿ ಯಾಕೆ?"

ಸುಳ್ಳು ಸಾಕ್ಷಿ! ಕೆನ್ನೆಗೆ ಹೊಡೆದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳೋ ಏನೋ. ಹದಿನಾಲ್ಕು ಮನೆಯ ಹೆಣ್ಣುಮಕ್ಕಳಿಗೆ ದೇವರ ಮಾತನ್ನು ಓದಿಸುವಾಗ ನಂಬಿಕಸ್ತಳಾಗಿದ್ದವಳು ಬಿರಿಯಾನಿಯ ಎದುರು ಸುಳ್ಳಿಯಾದಳು. ಅವಳು ದನಿ ತಗ್ಗಿಸಲಿಲ್ಲ.

"ನಾನು ಹೇಳಿದ್ದು ಅಲ್ಲಾಹ್ ಕೇಳಿಸ್ಕೊಂಡವ್ನೆ. ನೀವು ಉಣ್ಣಿ. ನಾನು ರೋಜಾ ಹಿಡೀತೀನಿ."

ಸಾಕ್ಷಿಯನ್ನು ಊರು ಒಪ್ಪಲಿ ಬಿಡಲಿ, ಕಂಡವರು ಮಾತ್ರ ಉಪವಾಸ ಹಿಡಿಯಲೇಬೇಕು. ಅದನ್ನೂ ಅವಳ ತಂದೆಯೇ ಕಲಿಸಿದ್ದರು. ಬೆಳಗಿನ ಜಾವ ಒಬ್ಬಳೇ ಎದ್ದು ತಂಗಳನ್ನಕ್ಕೆ ಮೊಸರು ಕಲಸಿ ಉಂಡಳು. ಗಲ್ಲಿಯಲ್ಲಿ ಇನ್ನೊಂದು ದೀಪ ಹತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಜಡಿಮಳೆಯಲ್ಲೂ ಔತಣ ಗಡದ್ದಾಗಿಯೇ ನಡೆಯಿತು. ಶಾಮಿಯಾನದ ಕೆಳಗೆ ಪಂಕ್ತಿಯ ಮೇಲೆ ಪಂಕ್ತಿ. ಜೈತೂನ್‌ಬಿ ಕಿಟಕಿ ಹಾಕಿ ಕೂತರೂ ತುಪ್ಪದ ಘಮ ಒಳಗೆ ಬಂತು. ಹಸಿವಿಗೆ ಅವಳು ಹೆದರುವವಳಲ್ಲ. ಒಂದನೇ ರೋಜಾದ ದಿನ ಊರಿಗೆ ಊರೇ ಕೂತು ಉಣ್ಣುತ್ತಿದೆಯಲ್ಲ, ತಿಳಿದೂ ತಿಳಿದೂ ಉಣ್ಣಿಸುತ್ತಿದ್ದಾರಲ್ಲ ಎಂಬುದೇ ಅವಳ ಸಂಕಟ.

ಬಾಗಿಲು ತಟ್ಟಿದ ಸದ್ದಾಯಿತು. ಹಾಜಿಗಳ ಹೆಂಡತಿ ಬೇಬಿಜಾನ್ ಸ್ವತಃ ನಿಂತಿದ್ದರು, ಕೈಯಲ್ಲಿ ಮುಚ್ಚಿದ ತಟ್ಟೆ. ನಲವತ್ತೈದರ ಹೆಂಗಸು. ಹುಟ್ಟಿದ ಮನೆಯಲ್ಲಿ ಯಾರೂ ಓದಿಸಿರಲಿಲ್ಲವೆಂದು ಎರಡು ವರ್ಷದ ಹಿಂದೆ ನಾಚಿಕೊಂಡೇ ಜೈತೂನ್‌ಬಿಯ ಬಳಿ ಬಂದು, ಬಾಗಿಲು ಹಾಕಿಸಿ, ಅಲಿಫ್ ಬೇ ಇಂದ ಶುರುಮಾಡಿ ಕುರಾನ್ ಓದಲು ಕಲಿತಿದ್ದರು.

"ಉಸ್ತಾನಿಮಾ, ಮಗನ ಊಟ..." ಎಂದರು, ನೆಲ ನೋಡುತ್ತ.

"ನಾನು ರೋಜಾ ಇದೀನಿ. ತಗೊಂಡ್ಹೋಗಿ."

ಎದುರಿನ ತನ್ನ ಬಾಗಿಲಲ್ಲಿ ನಿಂತಿದ್ದ ಚಂದ್ರಮತಿಗೆ ಇರುಸುಮುರುಸಾಯಿತು. ಬಂದವರನ್ನು ಹಾಗೇ ಕಳಿಸಲು ಮನಸ್ಸಾಗಲಿಲ್ಲ. "ಮಳೆಯಲ್ಲಿ ನೆನೆದು ಬಂದಿದ್ದೀರಿ. ಒಂದು ಲೋಟ ಬಿಸಿ ಕಾಫಿ ಆದ್ರೂ ಕುಡೀರಿ, ಇಲ್ಲೇ ಉಂಟು."

"ಬೇಡಮ್ಮ. ಇನ್ನೂ ಬಡಿಸೋದಿದೆ" ಎಂದರು ಬೇಬಿಜಾನ್. ಅವರ ತುಟಿ ಒಣಗಿತ್ತು. ಏನೋ ಹೇಳಲು ಬಾಯಿ ತೆರೆದವರು, ಜೈತೂನ್‌ಬಿಯ ಮುಖ ನೋಡಿ ಸುಮ್ಮನೆ ತಟ್ಟೆ ಹಿಡಿದು ಇಳಿದುಹೋದರು. ಜೈತೂನ್‌ಬಿ ಅವರ ಬೆನ್ನ ಹಿಂದೆಯೇ ಬಾಗಿಲು ಹಾಕಿದಳು. ಸಿಟ್ಟಿನಲ್ಲಿ ಅವಳಿಗೆ ಬೇರೇನೂ ಕಾಣಲಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಗೇಟಿನಲ್ಲಿ ನಿಂತು ಅವಳು ಆಡಿದ ಮಾತು ಹಾಜಿಗಳಿಗೆ ಚುಚ್ಚುತ್ತಲೇ ಇತ್ತು. ಮಾರನೆಯ ದಿನ ಮಸೀದಿಯ ರಂಜಾನ್ ಶುರುವಾಯಿತು. ಅಂದು ಸಂಜೆ ನಮಾಜಿನ ನಂತರ ಮೈಕಿನಲ್ಲಿ ಹಾಜಿಗಳ ದನಿ: ಸುಳ್ಳು ಸಾಕ್ಷಿ ಹೇಳಿ ಜನರಲ್ಲಿ ಒಡಕು ಹುಟ್ಟಿಸುವವರಿಂದ ನಿಮ್ಮ ಮಕ್ಕಳನ್ನು ದೂರವಿಡಿ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಹದಿನಾಲ್ಕು ಹುಡುಗಿಯರಲ್ಲಿ ಒಬ್ಬಳೂ ಬರಲಿಲ್ಲ. ಜೈತೂನ್‌ಬಿ ದಿನವೂ ಮಧ್ಯಾಹ್ನ ಚಾಪೆ ಹಾಸುತ್ತಿದ್ದಳು, ಸಂಜೆ ಸುತ್ತಿಡುತ್ತಿದ್ದಳು. ಬಾವಿಕಟ್ಟೆಯಲ್ಲಿ ಅವಳು ಬಂದರೆ ಹೆಂಗಸರು ಕೊಡ ಅರ್ಧಕ್ಕೇ ತುಂಬಿಸಿ ಹೊರಟುಬಿಡುತ್ತಿದ್ದರು. ಇವರೆಲ್ಲರ ಮಕ್ಕಳ ನಾಲಿಗೆ ತಿದ್ದಿದವಳು ತಾನು ಎಂದು ಅವಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಮರುಕ್ಷಣವೇ ಆ ನೀರಿನ ಮೇಲೂ ಸಿಟ್ಟು ಬರುತ್ತಿತ್ತು.

"ನಾನೇ ಹೋಗಿ ಹೇಳ್ಲಾ ಅಕ್ಕ? ನನ್ನ ಕಣ್ಣೂ ಕಣ್ಣೇ ಅಲ್ವಾ?" ಎಂದಳು ಚಂದ್ರಮತಿ ಒಂದು ದಿನ.

"ಬೇಡಿ ಚಂದ್ರಮ್ಮ. ನಡೆಯೋ ಸಾಕ್ಷೀನೇ ಮೂಲೆಗೆ ಎಸೆದವ್ರೆ. ನಿಮ್ಮನ್ನೂ ಯಾಕೆ ನಗೋ ಹಂಗೆ ಮಾಡ್ಲಿ?"

ಮಳೆ ನಿಂತು ಮೋಡ ಹರಿದಾಗ ಚಂದ್ರ ಚೆನ್ನಾಗಿ ಬಲಿತಿದ್ದ. ಇದೇನು ಇಷ್ಟು ದೊಡ್ಡದು ಎಂದು ಕೆಲವರು ಗೊಣಗಿದರು. ಚಂದ್ರನ ಗಾತ್ರ ನೋಡಿ ತಾರೀಖು ಹೇಳುವುದು ಶರೀಯತ್ತಿನಲ್ಲಿಲ್ಲ ಎಂದು ಹಾಜಿಗಳು ಬಾಯಿ ಮುಚ್ಚಿಸಿದರು. ಆ ಮಾತು ನಿಜವೇ. ಬೇಕಾದಾಗ ಮಾತ್ರ ಶರೀಯತ್ತು ಅವರಿಗೆ ಹೇಗೆ ಬಾಯಿಪಾಠ ಬರುತ್ತದೆ ಎಂಬುದಷ್ಟೇ ಜೈತೂನ್‌ಬಿಯ ಪ್ರಶ್ನೆ.

ಹೀಗೆ ಮಸೀದಿಗೆ ಇಪ್ಪತ್ತೆಂಟನೆಯ ರೋಜಾ ಆದ ದಿನ ಜೈತೂನ್‌ಬಿಗೆ ಇಪ್ಪತ್ತೊಂಬತ್ತನೆಯದು. ಇಪ್ಪತ್ತೆಂಟರಂದು ಯಾರೂ ಚಂದ್ರನನ್ನು ಹುಡುಕುವುದಿಲ್ಲ, ಏಕೆಂದರೆ ತಿಂಗಳು ಇಪ್ಪತ್ತೊಂಬತ್ತು ದಿನಕ್ಕಿಂತ ಕಡಿಮೆ ಇರುವುದೇ ಇಲ್ಲ. ಇಪ್ಪತ್ತೊಂಬತ್ತರಂದು ಹುಡುಕಬೇಕು. ಸೂರ್ಯ ಮುಳುಗಿದ ಬಾಂಗ್ ಕೇಳಿ, ಖರ್ಜೂರ ಬಾಯಿಗೆ ಹಾಕಿಕೊಂಡು, ನಮಾಜ್ ಮುಗಿಸಿ ಅವಳು ತಾರಸಿ ಹತ್ತಿದಳು. ಚಂದ್ರಮತಿಯೂ ಹಿಂದೆಯೇ ಬಂದಳು. ಅಂದು ಆಕಾಶ ತೊಳೆದಿಟ್ಟಂತಿತ್ತು. ಇಬ್ಬರೂ ಬಹಳ ಹೊತ್ತು ಕಾಯಬೇಕಾಗಲಿಲ್ಲ. ತೆಂಗಿನಮರದ ಪಕ್ಕದಲ್ಲಿ, ಉಗುರಿನ ಚೂರಿನಷ್ಟು, ಹಬ್ಬದ ಚಂದ್ರ.

"ಬಂತು!" ಎಂದಳು ಚಂದ್ರಮತಿ. "ಓಡಿ ಅಕ್ಕ, ಹೇಳಿ ಅವರಿಗೆ."

ಜೈತೂನ್‌ಬಿ ಅಲ್ಲಾಡಲಿಲ್ಲ. "ನಾನ್ಯಾಕೆ ಹೋಗ್ಲಿ? ಸುಳ್ಳಿ ಅಂದ್ರಲ್ಲ. ನಾಳೆ ಹಬ್ಬದ ದಿನಾನೂ ಉಪವಾಸ ಇರ್ಲಿ."

ಹೇಳಿದ ಮೇಲೆ ಅವಳಿಗೇ ಎದೆ ಧಸಕ್ಕೆಂದಿತು. ಹಬ್ಬದ ದಿನ ಉಪವಾಸ ಹಿಡಿಯುವುದು ಪಾಪ. ಕಂಡದ್ದನ್ನು ಬಚ್ಚಿಡುವುದು ಅದಕ್ಕಿಂತ ಪಾಪ. ಹುಡುಗಿಯರಿಗೆ ಅದನ್ನು ಬಾಯಿಪಾಠ ಮಾಡಿಸಿದವಳು ಅವಳೇ. ಹಾಜಿ ಮಾಡಿದ್ದನ್ನೇ ತಾನೂ ಮಾಡಿದರೆ ತನಗೂ ಅವರಿಗೂ ಏನು ವ್ಯತ್ಯಾಸ? ಅವಳು ಬೀದಿಯ ಕಡೆಯ ಗೋಡೆಗೆ ಬಂದು ಬಗ್ಗಿದಳು. ಕೆಳಗೆ ಮಸೀದಿಯ ಬಾಗಿಲಲ್ಲಿ ನಮಾಜ್ ಮುಗಿಸಿ ಬಂದ ಗಂಡಸರೆಲ್ಲ ಬಟ್ಟಲು ಹಿಡಿದು, ಉಪವಾಸ ಬಿಡುವಾಗ ಹಂಚುವ ನೋಂಬಿನ ಗಂಜಿ ಕುಡಿಯುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ಜೈತೂನ್‌ಬಿ ಬೀದಿಗೆ ಕೇಳುವಂತೆ ಕೂಗಿದಳು.

"ಕಿಬ್ಲಾ ಕಡೆ ನೋಡ್ರಪ್ಪಾ! ಈಗಲಾದ್ರೂ ಕಣ್ಣು ಬಿಟ್ಟು ನೋಡಿ!"

ಇನ್ನೂರು ಮುಖಗಳು ಮೇಲೆದ್ದವು, ಆಮೇಲೆ ಪಡುವಣಕ್ಕೆ ತಿರುಗಿದವು. ಮೋಡದ ನೆಪ ಹೇಳಲು ಒಂದು ಚೂರು ಮೋಡವೂ ಇರಲಿಲ್ಲ. ಬಟ್ಟಲು ಹಿಡಿದ ಕೈಗಳು ಹಾಗೇ ನಿಂತವು. ಇಪ್ಪತ್ತೆಂಟು ರೋಜಾಕ್ಕೇ ಹಬ್ಬ! ಅಂದರೆ ಒಂದು ರೋಜಾ ತಪ್ಪಿಹೋಗಿದೆ. ಯಾವುದು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಂದು ಎಲ್ಲರೂ ಎರಡೆರಡು ಸಲ ಬಡಿಸಿಕೊಂಡು ಉಂಡಿದ್ದರು.

ಕಾಲು ಗಂಟೆಯಲ್ಲಿ ಮೈಕು ಕರಕರ ಎಂದಿತು. ಹಾಜಿಗಳೇ ಮಾತಾಡಿದರು. ನಾಳೆ ಹಬ್ಬ. ಮೋಡದ ಕಾರಣದಿಂದ ಒಂದು ರೋಜಾ ತಪ್ಪಿದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಹಬ್ಬದ ಮಾರನೆಯ ದಿನ ಮೊಹಲ್ಲಾದ ಪ್ರತಿಯೊಬ್ಬರೂ ಅದರ ಬದಲಿಗೆ ಒಂದು ಕಜಾ ರೋಜಾ ಹಿಡಿಯಬೇಕು.

ಮೋಡದ ಕಾರಣ! ಜೈತೂನ್‌ಬಿ ಮೆಟ್ಟಿಲಿಳಿದದ್ದು ಅವಳಿಗೇ ಗೊತ್ತಾಗಲಿಲ್ಲ. ಅದೇ ಗೇಟಿಗೆ ಹೋಗಿ ನಿಂತಳು. ಗಂಡಸರು ದಾರಿ ಬಿಟ್ಟರು. ಗಂಜಿಗೆಂದು ಪಾತ್ರೆ ತಂದಿದ್ದ ಹೆಂಗಸರೂ ಅಲ್ಲೇ ಗುಂಪಾದರು.

"ಮೋಡದ ಮೇಲೆ ಯಾಕೆ ಹಾಕ್ತೀರಿ ಹಾಜಿ ಸಾಹೇಬ್ರೇ? ಮೋಡ ದಾರಿ ಬಿಟ್ಟಿತ್ತು. ಅವತ್ತೇ ಇಲ್ಲೇ ನಿಂತು ಹೇಳಿದ್ನಲ್ಲ. ಸುಳ್ಳಿ ಅಂತ ಮೈಕಲ್ಲಿ ಹೇಳಿದ್ರಿ. ಸುಳ್ಳಲ್ಲ ಅಂತಾನೂ ಮೈಕಲ್ಲೇ ಹೇಳಿ."

ಹಾಜಿಗಳ ಮುಖ ಹುಳ್ಳಗಾಯಿತು. ಆದರೂ ನಗು ತಂದುಕೊಂಡರು. "ಹಬ್ಬದ ಹೊತ್ತಲ್ಲಿ ಹಳೇದೆಲ್ಲ ಯಾಕಮ್ಮಾ? ಮನಸ್ಸಲ್ಲಿ ಇಟ್ಕೋಬೇಡಿ. ಹುಡುಗೀರನ್ನ ನಾಡಿದ್ದಿಂದ ಕಳಿಸೋಕೆ ಹೇಳ್ತೀನಿ. ನಮ್ಮ ಮನೆ ಫಿತ್ರಾ ಅಕ್ಕೀನೂ ನಿಮಗೇ ಕಳಿಸ್ತೀನಿ."

ಫಿತ್ರಾ ಎಂದರೆ ಹಬ್ಬದ ನಮಾಜಿಗೆ ಮುಂಚೆ ಬಡವರಿಗೆ ಕೊಡಲೇಬೇಕಾದ ದಾನ. ಜೈತೂನ್‌ಬಿ ವರ್ಷ ವರ್ಷವೂ ತನ್ನ ಕೈಯಿಂದ ಕೊಡುವವಳು, ತೆಗೆದುಕೊಳ್ಳುವವಳಲ್ಲ. "ನಾನು ಅಕ್ಕಿ ಕೇಳಲಿಲ್ಲ!" ಎಂದು ಅವಳು ಚೀರಿಯೇಬಿಟ್ಟಳು. "ನನ್ನ ಮಾತು ಕೇಳಿದೆ. ಅದನ್ನ ವಾಪಸ್ ಕೊಡಿ."

"ಎಲ್ಲರಿಗೂ ಒಂದೊಂದು ಕಜಾ ಬಂದಿದೆ. ನನಗೂ ಬಂದಿದೆ, ನನ್ನ ಮನೆಯವರಿಗೂ ಬಂದಿದೆ. ಅಲ್ಲಾಹನ ಮುಂದೆ ಎಲ್ಲರೂ ಒಂದೇ. ಇನ್ನೇನು ಬೇಕು ನಿಮಗೆ?" ಎಂದು ಹಾಜಿಗಳು ದನಿ ಏರಿಸಿದರು.

"ನನಗೆ ಬಂದಿಲ್ಲ."

ಅದು ಜೈತೂನ್‌ಬಿಯ ದನಿಯಲ್ಲ. ಪಕ್ಕದ ಮನೆಯ ಹೊಸ್ತಿಲಲ್ಲಿ ಬೇಬಿಜಾನ್ ನಿಂತಿದ್ದರು. ತಲೆಯ ಮೇಲಿನ ಸೆರಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು.

"ನೀವು ಅವತ್ತು ಮನೆಗೆ ಬಂದು ಉಸ್ತಾನಿಮಾ ಹೇಳಿದ್ದನ್ನ ಹೇಳಿ ನಕ್ರಿ. ನನಗೆ ನಗು ಬರ್ಲಿಲ್ಲ. ಎರಡು ವರ್ಷ ಅವರ ಮುಂದೆ ಕೂತು ಓದಿದೀನಿ. ಒಂದು ಅಕ್ಷರ ಹೆಚ್ಚುಕಡಿಮೆ ಆದ್ರೂ ಬಿಡದೋರು, ಚಂದ್ರನ ವಿಷ್ಯದಲ್ಲಿ ಸುಳ್ಳು ಹೇಳ್ತಾರಾ? ನಾನೂ ಬೆಳಗಿನ ಜಾವ ಎದ್ದು ನೀರು ಕುಡಿದು ರೋಜಾ ಹಿಡಿದೆ. ಮಗನ ವಲೀಮಾದಲ್ಲಿ ಮುನ್ನೂರು ಜನಕ್ಕೆ ಬಡಿಸ್ದೆ, ಒಂದು ಅಗುಳು ಬಾಯಿಗೆ ಹಾಕ್ಲಿಲ್ಲ. ನನಗೆ ಕಜಾ ಇಲ್ಲ."

ಜೈತೂನ್‌ಬಿಗೆ ಆ ಒಣಗಿದ ತುಟಿ, ಬೇಡವೆಂದ ಕಾಫಿ ಎಲ್ಲ ಒಮ್ಮೆಗೇ ನೆನಪಾದವು. ಬೇಬಿಜಾನ್ ಅವಳ ಕಡೆ ತಿರುಗಿದರು. "ನಾಲ್ಕು ವಾರ ಬಾಯಿ ಮುಚ್ಕೊಂಡಿದ್ದೆ. ಅದು ನನ್ನ ತಪ್ಪು ಉಸ್ತಾನಿಮಾ. ಹೇಳೋಕೆ ಧೈರ್ಯ ಬರ್ಲಿಲ್ಲ."

ಆಗ ಇಮಾಮ್ ಕರೀಮುಲ್ಲಾ ಎದ್ದರು. ಮೈಕನ್ನು ಹಾಜಿಗಳ ಕೈಯಿಂದ ತೆಗೆದುಕೊಂಡರು. ಜೈತೂನ್‌ಬಿ ಹೇಳಿದ ಸಾಕ್ಷಿ ಸರಿಯಾಗಿತ್ತು, ಅದನ್ನು ಒಪ್ಪಬೇಕೆಂದು ನನಗೆ ಅಂದೇ ಗೊತ್ತಿತ್ತು, ನಾನು ಹೇಳಲಿಲ್ಲ ಎಂದರು. ಅಷ್ಟು ಹೇಳಿ ಕೂತುಬಿಟ್ಟರು.

ನಾಲ್ಕು ವಾರದಿಂದ ಅವಳು ಕಾದಿದ್ದ ಮಾತು ಅದು. ಬಂದಾಗ ಅವಳಿಗೆ ತಣ್ಣಗಾಗಬೇಕಿತ್ತು, ಆಗಲಿಲ್ಲ. "ನಂದೊಂದು ಮಾತು ನಂಬೋಕೆ ನಿಮಗೆ ಆಕಾಶದ ಚಂದ್ರಾನೂ ಬೇಕಾಯ್ತು, ಹಾಜಿ ಸಾಹೇಬ್ರ ಹೆಂಡ್ತೀನೂ ಬೇಕಾಯ್ತು" ಎಂದಷ್ಟೇ ಹೇಳಿ ಅವಳು ಮನೆಗೆ ಬಂದಳು.

ಹಬ್ಬ ಕಳೆದ ಮಾರನೆಯ ದಿನ ಇಡೀ ಗಲ್ಲಿ ಕಜಾ ರೋಜಾ ಹಿಡಿಯಿತು. ಒಂದು ಮನೆಯಿಂದಲೂ ಒಗ್ಗರಣೆಯ ಸದ್ದಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಜೈತೂನ್‌ಬಿ ಚಾಪೆಯನ್ನು ಕೋಣೆಯಲ್ಲಿ ಹಾಸಲಿಲ್ಲ. ಕೆಳಗೆ ತಂದು ಹೋಟೆಲಿನ ಪಕ್ಕದ ಜಗಲಿಯ ಮೇಲೆ, ಮಸೀದಿಗೆ ಹೋಗುವವರಿಗೂ ಬರುವವರಿಗೂ ಕಾಣುವ ಹಾಗೆ ಹಾಸಿ ಕೂತಳು.

"ಚಂದ್ರಮ್ಮ, ಅವತ್ತು ಬೇಬಿಜಾನ್‌ಗೆ ಕೊಡ್ತೀನಿ ಅಂದ್ರಲ್ಲ, ಆ ಕಾಫಿ ಇದೆಯಾ? ಎರಡು ಲೋಟ ಬೇಕಿತ್ತು."

ಚಂದ್ರಮತಿ ನೊರೆ ಬರಿಸಿ ಎರಡು ಲೋಟ ತಂದಿಟ್ಟಳು. ಸ್ವಲ್ಪ ಹೊತ್ತಿಗೆ ಹಾಜಿಗಳ ಮನೆಯ ಬಾಗಿಲು ತೆರೆಯಿತು. ಬೇಬಿಜಾನ್ ಹಾಡಹಗಲಿನಲ್ಲಿ ಬೀದಿ ದಾಟಿ ಬಂದು, ಚಾಪೆಯ ಮೇಲೆ ಕೂತು, ಲೋಟ ಎತ್ತಿಕೊಂಡರು. ಮಧ್ಯಾಹ್ನದ ನಮಾಜಿಗೆ ಹೊರಟ ಹಾಜಿ ಸುಲ್ತಾನ್ ಮೊಹಿದೀನ್ ಒಣಗಿದ ತುಟಿ ಬಿಗಿದುಕೊಂಡು ಆ ಇಬ್ಬರ ಕಣ್ಣೆದುರೇ ಹಾದುಹೋಗಬೇಕಾಯಿತು. ಜೈತೂನ್‌ಬಿ ಅವರಿಗೆ ಸಲಾಮ್ ಹೇಳಿದಳು. ಆಮೇಲೆ ಕಾಫಿಯನ್ನು ನಿಧಾನವಾಗಿ, ಒಂದೊಂದೇ ಗುಟುಕು ಕುಡಿದಳು.